ದೇವರ ಪಟವೂ ಸಾಬೂನಿನ ಪಟವೂ

೧

ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ ಮೊದಲು ಕಲ್ಲನ್ನು ಹುಡುಕುವರು. ಅದು ಸಹಜವೇ ಸರಿ. ೧೯೧೫ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನು ಹೇಳಿ ನಮ್ಮ ಸೀಮೆಯನ್ನು ಭರತಖಂಡದ ಚರಿತ್ರೆಯಲ್ಲಿ ಮುಂದಿನ ಪಂಕ್ತಿಗೆ ತಂದಿತು. ರಾಯಚೂರು ಕೋಟೆಯ ಗೋಡೆಯಲ್ಲಿ ನಾಲ್ವತ್ತೊಂದು ಅಡಿಗೂ ಮಿಕ್ಕಿ ಉದ್ದವಾದ ಒಂದೇ ಬಂಡೆಯಿರುವುದನ್ನು ನೋಡದವರು ವಿರಳ. ಕಾಕತೀಯರ ಅಧಿಕಾರಿಯಾದ ಗೋರೆ ಗಂಗಯ್ಯರೆಡ್ಡಿಯು ೧೨೯೪ರಲ್ಲಿ ಕೋಟೆಯನ್ನು ಕಟ್ಟಿಸಿದುದನ್ನು ಅದರ ಬರಹವು ತಿಳಿಸುವುದು. ಆದರೆ ಬರಹಕ್ಕಿಂತಲೂ ನಮ್ಮ ಈ ವಿಷಯಕ್ಕೆ ಹತ್ತಿರವಾದುದೊಂದು ಅಲ್ಲಿದೆ. ಆ ಬಂಡೆಯನ್ನು ಗಾಡಿಯ ಮೇಲೇರಿಸಿ, ಕೋಣಗಳ ಉದ್ದನೆಯ ಸಾಲು ಹೂಡಿ, ಎಳೆದು ತಂದ ಬಗೆಯನ್ನೇ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ಕೋಟೆ ಕಟ್ಟಿಸಿದವನ ಹೆಸರಿನ ಜೊತೆಗೆ ಕಲ್ಲನ್ನು ಹೊತ್ತು ತಂದ ಶ್ರಮವೂ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯೇರಿದೆ.

ಇದಾದ ಆರುನೂರು ವರ್ಷಗಳ ಮೇಲೆ ನಮ್ಮ ಮನೆಗಳ ಗೋಡೆಗಳನ್ನು ಏರಿದುವು ಬೇರೆ ಚಿತ್ರಗಳು. ಅವು ಕಲ್ಲಿನವಲ್ಲ, ಕಾಗದದವು. ಬಟ್ಟೆಯ ಥಾನಿಗೆ ಅಂಟಿಸಿ ಬಂದುವು, ಬೆಂಕಿಪೆಟ್ಟಿಗೆಯ ಮೇಲೆ ಬಂದುವು, ಅಡತಿ ಅಂಗಡಿಯವನು ವರ್ಷಾರಂಭದಲ್ಲಿ ಪುಕ್ಕಟೆಯಾಗಿ ಕೊಟ್ಟ ಕ್ಯಾಲೆಂಡರಾಗಿ ಬಂದುವು. ಇವನ್ನು ಪೇಟೆಯ ಚಿತ್ರಗಳೆಂದು ಕರೆಯೋಣ. ಶಾಸನವನ್ನು ಓದಬಲ್ಲವರು ಊರಿಗೆ ಒಬ್ಬರು ಸಿಕ್ಕಾರು, ಸಿಗದಿದ್ದಾರು. ಪೇಟೆಯ ಚಿತ್ರವನ್ನು ಕಾಣದ ಮನೆಯಂತೂ ರಾಯಚೂರಿನಲ್ಲಾಗಲಿ ಮಾನ್ವಿ, ದೇವದುರ್ಗಗಳಲ್ಲಾಗಲಿ ಇರಲಾರದು. ಆದರೂ ಇವುಗಳ ಚರಿತ್ರೆಯನ್ನು ವಿಚಾರಿಸುವವರು ಕಡಿಮೆ. ಈಚೆಗೆ ನಗರಗಳ ಚಿತ್ರಶಾಲೆಗಳಲ್ಲಿ ಪಾಪ್ ಕಲೆ, ಪಾಪ್ ಛಾಯಾಚಿತ್ರ ಎಂಬ ಹೆಸರಿನಿಂದ ಇಂಥ ಚಿತ್ರಗಳನ್ನೇ ಅನುಕರಿಸಿದ ಕೃತಿಗಳು ಗೌರವ ಪಡೆದಾಗ, ಅದು ಪರದೇಶದ ಹುಚ್ಚೆಂದು ಸುಶಿಕ್ಷಿತರಾದ ನಮ್ಮವರೂ ನಗುವುದುಂಟು. ಆ ಕಲೆಯ ಬೇರು ನಮ್ಮ ಪಡಸಾಲೆಯ ಗೋಡೆಯಲ್ಲಿಯೂ ಇದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಪಾಪ್ ಕಲೆಯೆಂದರೇನು? ಪೇಟೆಯ ಸರಕು, ಜಾಹೀರಾತು, ಸಿನಿಮಾ, ಅಗ್ಗದ ಪತ್ರಿಕೆ ಇವುಗಳ ಚಿತ್ರವನ್ನು ಎತ್ತಿಕೊಂಡು, ಅದನ್ನೇ ಕಲೆಯ ವಸ್ತುವನ್ನಾಗಿ ಮಾಡುವುದು. ೧೯೫೬ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚಿತ್ರಶಾಲೆಯಲ್ಲಿ ನಡೆದ ಒಂದು ಪ್ರದರ್ಶನಕ್ಕಾಗಿ ರಿಚರ್ಡ್ ಹ್ಯಾಮಿಲ್ಟನ್ ಎಂಬ ಕಲಾವಿದನು ಅಮೆರಿಕದ ಪತ್ರಿಕೆಗಳಿಂದ ಛಾಯಾಚಿತ್ರಗಳನ್ನೂ ಜಾಹೀರಾತುಗಳನ್ನೂ ಕತ್ತರಿಸಿ, ಒಂದೇ ಹಾಳೆಯ ಮೇಲೆ ಅಂಟಿಸಿ, ಆಧುನಿಕ ಗೃಹದ ಚಿತ್ರವೊಂದನ್ನು ರಚಿಸಿದನು. ಆ ಮನೆಯಲ್ಲಿ ಇರುವುದೆಲ್ಲ ಕೊಂಡುತಂದ ಸರಕು. ಮನುಷ್ಯರೂ ಜಾಹೀರಾತಿನಿಂದಲೇ ಬಂದವರು. ೧೯೬೨ರಲ್ಲಿ ಅಮೆರಿಕದ ಆ್ಯಂಡಿ ವಾರ್ಹಾಲ್‌ನು ಒಂದೇ ಕಂಪನಿಯ ಸೂಪಿನ ಡಬ್ಬಿಗಳನ್ನು, ಅದರ ಬಗೆಗಳಿಗೆ ಒಂದೊಂದರಂತೆ, ಮೂವತ್ತೆರಡು ಪಟಗಳಲ್ಲಿ ಚಿತ್ರಿಸಿದನು. ಅದೇ ವರ್ಷ ಮರ್ಲಿನ್ ಮನ್ರೋ ಎಂಬ ನಟಿಯು ತೀರಿಕೊಂಡಾಗ, ೧೯೫೩ರ 'ನಯಾಗರಾ' ಸಿನಿಮಾದ ಪ್ರಚಾರಕ್ಕೆಂದು ತೆಗೆದಿದ್ದ ಆಕೆಯ ಛಾಯಾಚಿತ್ರವೊಂದನ್ನು ರೇಷ್ಮೆಯ ಜಾಲರಿಯ ಮೂಲಕ ಮತ್ತೆ ಮತ್ತೆ ಅಚ್ಚೊತ್ತಿ, ಮುಖವೂ ಡಬ್ಬಿಯಂತೆ ಸಾಲುಸಾಲಾಗಿ ನಿಲ್ಲುವಂತೆ ಮಾಡಿದನು.

ಇದರಲ್ಲಿ ಛಾಯಾಚಿತ್ರದ ಪಾತ್ರವು ದೊಡ್ಡದು. ೧೮೩೯ರಲ್ಲಿ ಜಗತ್ತಿಗೆ ಪ್ರಕಟವಾದ ಈ ವಿದ್ಯೆಯು ಅರ್ಧ ಶತಮಾನದೊಳಗೆ ತಾನೇ ಒಂದು ಸರಕಾಯಿತು. ಈಸ್ಟ್‌ಮನ್ನನ ಕೊಡಾಕ್ ಕ್ಯಾಮರಾ ೧೮೮೮ರಲ್ಲಿ ಮಾರಾಟಕ್ಕೆ ಬಂದಿತು. ೧೯೦೦ರಲ್ಲಿ ಒಂದು ಡಾಲರಿಗೆ ಬ್ರೌನಿ ಎಂಬ ಕ್ಯಾಮರಾ ದೊರೆಯತೊಡಗಿತು. ಸರಕನ್ನು ಮಾರುವುದಕ್ಕೆ ಛಾಯಾಚಿತ್ರ, ಛಾಯಾಚಿತ್ರವನ್ನು ಮಾರುವುದಕ್ಕೆ ಮತ್ತೆ ಜಾಹೀರಾತು. ಈ ಚಕ್ರದೊಳಗಿನಿಂದಲೇ ಪಾಶ್ಚಾತ್ಯರ ಪಾಪ್ ಕಲೆಯು ಹುಟ್ಟಿತು. ಆ ದೇಶಗಳಲ್ಲಿ ಯುದ್ಧಾನಂತರ ಸರಕಿನ ಹೊಳೆ ಹರಿದಿತ್ತು. ಆ ಹೊಳೆಯಲ್ಲಿ ಮುಳುಗಿದವರು ಅದನ್ನು ನೋಡಿ ಅರ್ಧ ಬೆರಗಾದರು, ಅರ್ಧ ನಕ್ಕರು. ನಮ್ಮಲ್ಲಿ ಸರಕಿನ ಚಿತ್ರವು ಬಂದ ದಾರಿಯೂ ಬೇರೆ, ಅದಕ್ಕೆ ದೊರೆತ ಸ್ವಾಗತವೂ ಬೇರೆ.

೩

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ದೋಆಬು ೧೮೫೩ರಲ್ಲಿ ನಿಜಾಮರ ಕೈಯಿಂದ ಇಂಗ್ಲಿಷರ ಆಡಳಿತಕ್ಕೆ ಹೋಗಿ, ೧೮೬೦ರಲ್ಲಿ ಮರಳಿ ನಿಜಾಮರಿಗೆ ಬಂದಿತು. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧವು ಆರಂಭವಾಗಿ, ೧೮೬೫ರವರೆಗೆ ಅಲ್ಲಿಯ ಹತ್ತಿಯು ಲ್ಯಾಂಕಾಶೈರಿನ ಗಿರಣಿಗಳಿಗೆ ದೊರೆಯದಂತಾಯಿತು. ದಖ್ಖಣದ ಕರಿನೆಲದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ೧೮೭೧ರಲ್ಲಿ ಮುಂಬಯಿಯಿಂದ ಬಂದ ಜಿ. ಐ. ಪಿ. ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಒಂದನ್ನೊಂದು ಕೂಡಿದುವು. ಮಾನ್ವಿ, ದೇವದುರ್ಗಗಳಿಗೆ ಆಗ ರೈಲು ಇರಲಿಲ್ಲ. ಅಲ್ಲಿಯ ಹತ್ತಿಯು ಎತ್ತಿನ ಬಂಡಿಯ ಮೇಲೆ ರಾಯಚೂರಿಗೆ ಬರಬೇಕು. ಅಂಡಿಗೆಯಾಗಿ ಬಿಗಿದು ರೈಲು ಹತ್ತಬೇಕು. ಅದೇ ಬಂಡಿ ಊರಿಗೆ ಮರಳುವಾಗ ಬರಿದಾಗಿ ಮರಳುತ್ತಿರಲಿಲ್ಲ. ಪರದೇಶದ ನೂಲು, ಬಟ್ಟೆ, ಸೀಮೆಎಣ್ಣೆ, ಬೆಂಕಿಪೆಟ್ಟಿಗೆಗಳು ಅದರಲ್ಲಿ ಹಳ್ಳಿಯನ್ನು ಸೇರುತ್ತಿದ್ದುವು. ಅವುಗಳೊಡನೆ ಚಿತ್ರವೂ ಸೇರಿತು.

ಚಿತ್ರವೇಕೆ ಬಂದಿತು? ವ್ಯಾಪಾರದ ಅವಶ್ಯಕತೆಯಿಂದ ಬಂದಿತು. ಮ್ಯಾಂಚೆಸ್ಟರಿನ ವರ್ತಕನು ತನ್ನ ಥಾನಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದರೆ ಇಲ್ಲಿ ಓದುವವರಾರು? ಕನ್ನಡದಲ್ಲಿ ಬರೆಯೋಣವೆಂದರೆ ನಮ್ಮ ಪೇಟೆಯಲ್ಲಿ ಒಂದು ಭಾಷೆಯೆ? ಸಂಸ್ಥಾನದ ಕಚೇರಿಯ ಭಾಷೆ ಉರ್ದು. ಮನೆಯ ಮಾತು ಕನ್ನಡ ಅಥವಾ ತೆಲುಗು. ಮರಾಠಿ ಬಲ್ಲವರೂ ಉಂಟು. ಅಕ್ಷರವನ್ನೇ ಅರಿಯದವರು ಎಲ್ಲ ಭಾಷೆಗಳಲ್ಲಿಯೂ ಹೆಚ್ಚು. ಹುಲಿ, ಆನೆ, ನವಿಲು, ಲಕ್ಷ್ಮಿ, ಕೃಷ್ಣ, ಇವುಗಳಿಗೆ ಭಾಷಾಂತರ ಬೇಡ. ಆದುದರಿಂದ ಹಿಂದೂಸ್ಥಾನಕ್ಕೆ ಬರುವ ಬಟ್ಟೆಯ ಥಾನುಗಳಿಗೆ ಬಣ್ಣಬಣ್ಣದ ಛಾಪಿನ ಚೀಟಿಗಳನ್ನು ಅಂಟಿಸುವ ಪದ್ಧತಿಯು ಬೆಳೆಯಿತು. ಸ್ವೀಡನ್, ಜಪಾನುಗಳಿಂದ ಬಂದ ಬೆಂಕಿಪೆಟ್ಟಿಗೆಗಳ ಮೇಲೆ ನಮ್ಮ ದೇವತೆಗಳೇ ಕಾಣಿಸಿಕೊಂಡರು. ಕೊಳ್ಳುವವನು ಕಂಪನಿಯ ಹೆಸರನ್ನು ಹೇಳಲಿಲ್ಲ. ಆನೆಯ ಛಾಪಿನದು ಕೊಡು, ಹುಲಿಯ ಛಾಪಿನದು ಕೊಡು, ಎಂದು ಕೇಳಿದನು. ಹೀಗೆ ಸರಕಿಗೆ ಹೆಸರಿಟ್ಟುದು ಅಕ್ಷರವಲ್ಲ, ಚಿತ್ರ.

ಈ ಉದ್ಯೋಗವು ಕ್ರಮೇಣ ನಮ್ಮ ದೇಶದವರ ಕೈಗೂ ಬಂದಿತು. ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬ ಬಂಧುಗಳು ಕಲಕತ್ತೆಗೆ ಹೋಗಿ ಬೆಂಕಿಪೆಟ್ಟಿಗೆ ಮಾಡುವುದನ್ನು ಕಲಿತು ಬಂದು, ೧೯೨೩ರಲ್ಲಿ ತಮ್ಮೂರಿನಲ್ಲಿ ಅದನ್ನು ಪ್ರಾರಂಭಿಸಿದರು. ಪೆಟ್ಟಿಗೆಗೆ ಚೀಟಿ ಬೇಕು, ಚೀಟಿಗೆ ಮುದ್ರಣಾಲಯ ಬೇಕು. ಅದರಿಂದ ಆ ಊರು ಮುಂದೆ ಇಡೀ ದಕ್ಷಿಣಕ್ಕೆ ಕ್ಯಾಲೆಂಡರುಗಳನ್ನು ಒದಗಿಸುವ ಸ್ಥಳವಾಯಿತು.

೪

ಕ್ಯಾಮರಾ ನಮ್ಮ ಸೀಮೆಗೆ ಮೊದಲು ಅರಸರ ಆಶ್ರಯದಿಂದ ಬಂದಿತು. ೧೮೪೪ರಲ್ಲಿ ಸರಧನಾದಲ್ಲಿ ಹುಟ್ಟಿದ ಲಾಲಾ ದೀನದಯಾಳರು ಆರನೆಯ ನಿಜಾಮರಾದ ಮಹಬೂಬ್ ಅಲಿಖಾನರ ಆಸ್ಥಾನದ ಛಾಯಾಚಿತ್ರಕಾರರಾಗಿ, ಸಿಕಂದರಾಬಾದಿನಲ್ಲಿ ೧೮೮೬ರಲ್ಲಿ ತಮ್ಮ ಸ್ಟುಡಿಯೋವನ್ನು ತೆರೆದರು. ೧೮೯೨ರಲ್ಲಿ ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಜನಾನಾ ಸ್ಟುಡಿಯೋವನ್ನು ಮಾಡಿ, ಅದನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟರು. ೧೮೯೪ರಲ್ಲಿ ನಿಜಾಮರು ಅವರಿಗೆ ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತರು. ದೀನದಯಾಳರ ಚಿತ್ರಗಳಲ್ಲಿ ನಿಜಾಮರುಂಟು, ನವಾಬರುಂಟು, ಅರಮನೆ, ಬೇಟೆ, ಸೈನ್ಯಗಳುಂಟು. ಕರಿನೆಲದಲ್ಲಿ ಹತ್ತಿ ಬಿಡಿಸುವ ಸಂಸಾರಕ್ಕೆ ಅಂಥ ಸ್ಟುಡಿಯೋದ ಬಾಗಿಲು ದೂರವೇ ಇತ್ತು.

ಬಡವರ ಮನೆಗೆ ಚಿತ್ರವನ್ನು ತಂದುದು ಕ್ಯಾಮರಾ ಅಲ್ಲ, ಕಲ್ಲಚ್ಚು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, ಜರ್ಮನಿಯಿಂದ ಯಂತ್ರಗಳನ್ನೂ ಯಂತ್ರಜ್ಞರನ್ನೂ ಬರಮಾಡಿಕೊಂಡನು. ಕಲ್ಲಚ್ಚಿನ ಕ್ರಮವು ಸ್ವಾರಸ್ಯವಾದುದು. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ನೆನೆಯಿಸಿ, ಎಣ್ಣೆಯ ಬಣ್ಣವನ್ನು ಸವರಿದರೆ, ಬರೆದ ಭಾಗವು ಬಣ್ಣವನ್ನು ಹಿಡಿಯುವುದು. ನೀರು ಕುಡಿದ ಭಾಗವು ಬಿಡುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹೀಗೆ ಹಲವು ಕಲ್ಲುಗಳ ಮೇಲೆ ಹಾದು ಬಂದ ಹಾಳೆಯು ಅರಮನೆಯ ತೈಲಚಿತ್ರದ ನೆರಳನ್ನು ಅಲ್ಪ ಬೆಲೆಗೆ ಒದಗಿಸಿತು. ಈ ಮುದ್ರಣಾಲಯವು ಮುಂದೆ ಲೋಣಾವಳದ ಬಳಿಗೆ ಹೋಗಿ, ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ಯಂತ್ರಜ್ಞನ ಒಡೆತನಕ್ಕೆ ಬಂದಿತು. ೧೯೧೩ರಲ್ಲಿ 'ರಾಜಾ ಹರಿಶ್ಚಂದ್ರ' ಸಿನಿಮಾವನ್ನು ತೆಗೆದ ದಾದಾಸಾಹೇಬ ಫಾಳಕೆಯವರು ಅದಕ್ಕೂ ಮೊದಲು ಈ ಮುದ್ರಣಾಲಯಕ್ಕಾಗಿ ಅಚ್ಚಿನ ಕೆಲಸವನ್ನು ಮಾಡಿದ್ದವರೇ. ನಕಾಶೆಯನ್ನು ನೋಡಿದರೆ ಇನ್ನೊಂದು ಸಂಗತಿ ಹೊಳೆಯುವುದು: ಮುಂಬಯಿಯಿಂದ ಲೋಣಾವಳ, ಪುಣೆ, ಸೊಲ್ಲಾಪುರ, ಕಲಬುರ್ಗಿಗಳ ಮೇಲೆ ಹಾದು ರಾಯಚೂರಿಗೆ ಬರುವುದು ಒಂದೇ ಉಕ್ಕಿನ ದಾರಿ. ರವಿವರ್ಮನ ಲಕ್ಷ್ಮೀ ಸರಸ್ವತಿಯರಿಗೂ ನಮ್ಮ ಹತ್ತಿಯ ಅಂಡಿಗೆಗೂ ದಾರಿ ಒಂದೇ; ದಿಕ್ಕು ಮಾತ್ರ ಬೇರೆ.

ಅದೇ ದಾರಿಯ ಮೇಲಿನ ಕಲಬುರ್ಗಿಯಲ್ಲಿ ೧೯೧೬ರಲ್ಲಿ ಹುಟ್ಟಿದವರು ಎಸ್. ಎಂ. ಪಂಡಿತರು. ಮುಂಬಯಿಗೆ ಹೋಗಿ ಸಿನಿಮಾದ ಪ್ರಚಾರಚಿತ್ರಗಳಿಂದಲೂ ಪತ್ರಿಕೆಗಳ ಮುಖಚಿತ್ರಗಳಿಂದಲೂ ಹೆಸರಾಗಿ, ಪುರಾಣಪ್ರಸಂಗಗಳ ಕ್ಯಾಲೆಂಡರುಗಳಿಂದ ಮನೆಮನೆಯನ್ನೂ ಸೇರಿ, ೧೯೯೩ರಲ್ಲಿ ಅವರು ತೀರಿಕೊಂಡರು. ಅವರ ದೇವತೆಗಳ ಮೈಕಟ್ಟಿನಲ್ಲಿ, ಮುಖದ ಮೇಲೆ ಬೀಳುವ ಬೆಳಕಿನಲ್ಲಿ, ಸಿನಿಮಾದ ದೀಪದ ಪ್ರಭಾವವು ನಿಚ್ಚಳವಾಗಿದೆ. ಪುರಾಣವು ಸಿನಿಮಾವನ್ನು ಹೊಕ್ಕಿತು, ಸಿನಿಮಾವು ಕ್ಯಾಲೆಂಡರನ್ನು ಹೊಕ್ಕಿತು, ಕ್ಯಾಲೆಂಡರು ದೇವರ ಜಗುಲಿಯನ್ನು ಹೊಕ್ಕಿತು. ಈ ಬೆರಕೆಯನ್ನು ನಮ್ಮ ಮನೆಮಾತು ಎಂದೋ ಗುರುತಿಸಿದೆ. ಕುಂಚದಿಂದ ಬರೆದು ಅಚ್ಚೊತ್ತಿದ ಪಟವನ್ನೂ ನಾವು ದೇವರ ಫೋಟೋ ಎಂದೇ ಕರೆಯುವೆವು. ಲಕ್ಷ್ಮಿಯನ್ನು ಕ್ಯಾಮರಾದ ಮುಂದೆ ನಿಲ್ಲಿಸಿದವರಿಲ್ಲ. ಆದರೂ ಅದು ಫೋಟೋ. ಆ ಮಾತಿನಲ್ಲಿ ಪಟವು ಸಾಕ್ಷಾತ್ ಕಂಡ ರೂಪವೆಂಬ ನಂಬಿಕೆಯೂ ಅಡಗಿದೆ.

೫

ಇನ್ನು ಸಾಬೂನಿನ ಮಾತು. ೧೮೮೮ರಲ್ಲಿ ಕಲಕತ್ತೆಯ ಬಂದರಿನಲ್ಲಿ ಲೀವರ್ ಕಂಪನಿಯ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಇಳಿದುವು. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರವು ಜರ್ಮನಿಗೆ ಹೋಗುವುದು ನಿಂತಾಗ, ೧೯೧೬ರಲ್ಲಿ ಮೈಸೂರಿನಲ್ಲಿಯೇ ಗಂಧದೆಣ್ಣೆಯನ್ನು ತೆಗೆಯತೊಡಗಿ, ಅದರ ಬೆನ್ನಿಗೆ ಸರ್ಕಾರದ ಸಾಬೂನು ಕಾರ್ಖಾನೆಯೂ ಬೆಂಗಳೂರಿನಲ್ಲಿ ನಿಂತಿತು. ಸಿಂಹದ ಮೈಯೂ ಆನೆಯ ಸೊಂಡಿಲೂ ಕೂಡಿದ ಶರಭವು ಅದರ ಮುದ್ರೆಯಾಯಿತು. ಹೈದರಾಬಾದಿನಲ್ಲಿ ೧೯೩೦ರಲ್ಲಿ ಸ್ಥಾಪಿತವಾದ ವಜೀರ್ ಸುಲ್ತಾನ್ ಕಂಪನಿಯ ಸಿಗರೇಟಿನ ಪಾಕೀಟಿನ ಮೇಲೆ ಚಾರಮಿನಾರ್ ಬಂದು, ರಾಜಧಾನಿಯನ್ನು ಕಾಣದ ರೈತನ ಕಿಸೆಯಲ್ಲಿಯೂ ರಾಜಧಾನಿಯ ಚಿತ್ರವು ಕುಳಿತಿತು. ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಮೊದಲ ಭಾರತೀಯ ನಟಿಯಾಗಿ ಕಾಣಿಸಿಕೊಂಡ ಲೀಲಾ ಚಿಟಣೀಸರು ಧಾರವಾಡದಲ್ಲಿ ಹುಟ್ಟಿದವರು. ನಟಿಯ ಛಾಯಾಚಿತ್ರವು ಸರಕಿನ ಮುಖವಾಗುವುದನ್ನು ವಾರ್ಹಾಲ್‌ನು ೧೯೬೨ರಲ್ಲಿ ಕಲೆಯ ವಿಷಯವನ್ನಾಗಿ ಮಾಡಿದನು. ಅದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಧಾರವಾಡದ ಮಗಳೊಬ್ಬಳು ಆ ಸ್ಥಾನದಲ್ಲಿ ನಿಂತಿದ್ದಳು.

ಸರಕಿನ ಚಿತ್ರವು ಹೀಗೆ ಬಂದ ಮೇಲೆ ನಮ್ಮ ಮನೆಗಳು ಅದನ್ನೇನು ಮಾಡಿದುವು? ಇದೇ ನನ್ನ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ. ವರ್ಷ ಮುಗಿದೊಡನೆ ಕ್ಯಾಲೆಂಡರಿನ ತಾರೀಖಿನ ಭಾಗವನ್ನೂ ಅಂಗಡಿಯವನ ಹೆಸರನ್ನೂ ಕತ್ತರಿಸಿ ತೆಗೆದು, ಉಳಿದ ದೇವರಿಗೆ ಗಾಜಿನ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ, ಕುಂಕುಮ ಹಚ್ಚಿದರು. ರವಿವರ್ಮನ ಅಚ್ಚುಗಳ ಮೇಲೆ ಸೀರೆಯ ಅಂಚಿಗೆ ಜರಿ, ಕೊರಳಿಗೆ ಮಣಿ, ಕಿರೀಟಕ್ಕೆ ಮಿಂಚಿನ ಬಿಲ್ಲೆಗಳನ್ನು ಅಂಟಿಸಿ ಹೊಲಿದು ಶೃಂಗರಿಸಿದ ಪಟಗಳನ್ನು ದಕ್ಷಿಣದ ಎಷ್ಟೋ ಮನೆಗಳಲ್ಲಿ ಸ್ತ್ರೀಯರು ಸಿದ್ಧಪಡಿಸಿದರು. ೧೯೩೭ರಲ್ಲಿ ಪೇಟೆಗೆ ಬಂದ ಡಾಲ್ಡಾದ ಡಬ್ಬಿಯು, ತುಪ್ಪದ ಹೆಸರು ಮರೆತುಹೋದ ಮೇಲೂ, ಅಂಗಳದಲ್ಲಿ ತುಳಸಿಯ ಕುಂಡವಾಗಿ ಉಳಿಯಿತು. ಅದರ ಮೇಲಿನ ತಾಳೆಯ ಮರದ ಚಿತ್ರವು ತುಳಸಿಯ ಕೆಳಗೆ ಬಿಸಿಲಿಗೆ ಮಾಸಿತು.

ಕತ್ತರಿಸುವುದು, ಅಂಟಿಸುವುದು, ಸರಕಿನ ಚಿತ್ರಕ್ಕೆ ಬೇರೊಂದು ಅರ್ಥವನ್ನು ಕೊಡುವುದು: ಹ್ಯಾಮಿಲ್ಟನ್ ೧೯೫೬ರಲ್ಲಿ ಮಾಡಿದುದು ಇದನ್ನೇ ಅಲ್ಲವೆ? ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಆತನು ಕತ್ತರಿಸಿ ಅಂಟಿಸಿದುದು ಮನೆಯೆಲ್ಲ ಪೇಟೆಯಾಯಿತೆಂದು ತೋರಿಸುವುದಕ್ಕೆ. ನಮ್ಮ ತಾಯಂದಿರು ಕತ್ತರಿಸಿ ಅಂಟಿಸಿದುದು ಪೇಟೆಯ ವಸ್ತುವನ್ನು ಮನೆಯದನ್ನಾಗಿ ಮಾಡಿಕೊಳ್ಳುವುದಕ್ಕೆ. ವರ್ತಕನು ದೇವರ ಹೆಸರಿನಿಂದ ಸರಕನ್ನು ಮಾರಿದನು. ಗೃಹಿಣಿಯು ಸರಕನ್ನು ಬಳಸಿ ಮುಗಿಸಿ ದೇವರನ್ನು ಉಳಿಸಿಕೊಂಡಳು. ಮಾನ್ವಿಯ ಸೀಮೆಯು ಜಗನ್ನಾಥದಾಸರಂಥ ಹರಿದಾಸರ ನೆಲ. ತುಂಗಭದ್ರೆಯ ಆಚೆಯ ದಡದಲ್ಲಿ ಮಂತ್ರಾಲಯ. ಹೀಗೆ ದೇವರನ್ನೂ ಗುರುಗಳನ್ನೂ ಹಾಡಿನಲ್ಲಿ ನೆನೆಯುವ ಜನಕ್ಕೆ ಅಚ್ಚಿನ ಪಟವು ದೊರೆತಾಗ, ಅದು ಯಾವ ಅಂಗಡಿಯಿಂದ ಬಂದಿತೆಂಬುದು ಗೌಣವಾದುದರಲ್ಲಿ ಆಶ್ಚರ್ಯವೇನು?

೬

ಈ ಚರಿತ್ರೆಯ ಹಿನ್ನೆಲೆಯಲ್ಲಿ ನೋಡಿದಾಗ ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಕೆಲಸವು ಅರ್ಥವಾಗುವುದು. ೧೯೫೬ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಡೋದೆಯಲ್ಲಿ ಶಿಲ್ಪವನ್ನು ಕಲಿತ ಇವರು ೧೯೯೦ರ ದಶಕದ ನಡುವಿನಿಂದ ಕ್ಯಾಮರಾದ ಮುಂದೆ ತಾವೇ ವೇಷಧರಿಸಿ ನಿಲ್ಲತೊಡಗಿದರು. ಬೆಂಗಳೂರಿನಲ್ಲಿ ನೆಲೆಸಿದ ಛಾಯಾಚಿತ್ರಕಾರ್ತಿ ಕ್ಲೇರ್ ಆರ್ನಿ ಅವರೊಡನೆ ೨೦೦೦ದಿಂದ ೨೦೦೪ರವರೆಗೆ ದಕ್ಷಿಣ ಭಾರತದ ದೇಶೀ ಸ್ತ್ರೀಯರ ಆಚಾರವ್ಯವಹಾರಗಳೆಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಒಂದು ಚಿತ್ರಮಾಲೆಯನ್ನು ರಚಿಸಿದರು. ಆ ಹೆಸರೇ ಹಳೆಯ ಇಂಗ್ಲಿಷ್ ಅಧಿಕಾರಿಗಳ ಗ್ರಂಥಗಳ ಅಣಕ.

ಅದರಲ್ಲಿ ಅವರು ಜನರಿಗೆ ಪರಿಚಿತವಾದ ಚಿತ್ರಗಳನ್ನು ಆರಿಸಿಕೊಂಡು, ಪರದೆ ಬರೆಯಿಸಿ, ಒಡವೆ ವಸ್ತ್ರಗಳನ್ನು ಹೊಂದಿಸಿ, ಆ ಚಿತ್ರದೊಳಗಿನ ಸ್ತ್ರೀಯಾಗಿ ತಾವೇ ನಿಂತರು. ರವಿವರ್ಮನ ಅಚ್ಚಿನ ಲಕ್ಷ್ಮಿಯಾಗಿ ನಿಂತರು, ಅದೇ ರವಿವರ್ಮನ ಬೆಳದಿಂಗಳ ಸ್ತ್ರೀಯಾಗಿ ಕುಳಿತರು, ವೇಳಾಂಗಣ್ಣಿಯ ಮಾತೆಯಾದರು, ಮೇಲುಕೋಟೆಯಲ್ಲಿ ಹುಟ್ಟಿ ತಮಿಳು ಚಿತ್ರರಂಗವನ್ನಾಳಿದ ಜಯಲಲಿತಾ ಅವರ ಸಿನಿಮಾಚಿತ್ರವೊಂದನ್ನು ಅನುಸರಿಸಿ ಚಾಟಿ ಹಿಡಿದರು, ವೃತ್ತಪತ್ರಿಕೆಯಲ್ಲಿ ಬಂದಿದ್ದ ಕಳ್ಳಿಯರ ಛಾಯಾಚಿತ್ರದಂತೆ ಹೆಸರಿನ ಹಲಗೆ ಹಿಡಿದು ನಿಂತರು. ನಮ್ಮ ರಾಯಚೂರೂ ಒಮ್ಮೆ ಸೇರಿದ್ದ ಬಿಜಾಪುರದ ಆದಿಲಶಾಹಿ ಕಾಲದ ಯೋಗಿನಿಯ ಚಿತ್ರವೊಂದು ಈಗ ಡಬ್ಲಿನ್ ನಗರದ ಗ್ರಂಥಾಲಯದಲ್ಲಿದೆ; ಆ ಯೋಗಿನಿಯೂ ಅವರಾದರು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳು ನಾಡಿನ ಜನರನ್ನು ಚೌಕುಳಿಯ ಪರದೆಯ ಮುಂದೆ ನಿಲ್ಲಿಸಿ ಅಳತೆ ಮಾಡಿ ತೆಗೆದ ಛಾಯಾಚಿತ್ರದ ಮಾದರಿಯೂ ಮಾಲೆಯಲ್ಲಿದೆ.

ಇದನ್ನು ಬರಿಯ ವೇಷವೆಂದು ತಳ್ಳುವುದು ಸುಲಭ. ಆದರೆ ಈ ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಾಗ ಒಂದು ವಿಚಾರವು ತಾನೇ ಮೇಲೇಳುವುದು. ದೇವಿ, ನಟಿ, ಕಳ್ಳಿ, ಬೆಟ್ಟದ ಹೆಂಗಸು, ಇವರೆಲ್ಲರ ಚಿತ್ರಗಳನ್ನು ಬೇರೆಯವರು ಬರೆದರು, ಬೇರೆಯವರು ಮಾರಿದರು, ಬೇರೆಯವರು ಕೊಂಡರು. ಚಿತ್ರದಲ್ಲಿರುವ ಹೆಂಗಸಿನ ಅಭಿಪ್ರಾಯವನ್ನು ಕೇಳಿದವರಿಲ್ಲ. ಕಲಾವಿದೆಯು ತಾನೇ ಆ ಚೌಕಟ್ಟಿನೊಳಗೆ ಹೋಗಿ ನಿಂತಾಗ, ಲಕ್ಷ್ಮಿಯ ಕಣ್ಣುಗಳಿಂದ ಒಬ್ಬ ಮನುಷ್ಯಳು ನಮ್ಮನ್ನು ನೋಡುವಳು. ಪರದೆಯು ಪರದೆಯೆಂದೂ ತಾವರೆಯು ಬಣ್ಣದ ಸಾಮಾನೆಂದೂ ಕಾಣುವಂತೆಯೇ ಬಿಟ್ಟಿದ್ದಾರೆ. ಚಿತ್ರವನ್ನು ತಯಾರಿಸಿದ ಬಗೆಯನ್ನು ತೋರಿಸುವ ಛಾಯಾಚಿತ್ರಗಳದೇ ಒಂದು ಭಾಗವನ್ನೂ ಸೇರಿಸಿದ್ದಾರೆ. ಭಕ್ತಿಗೆ ಇದರಿಂದ ಭಂಗವುಂಟಾಯಿತೆ? ನನಗೆ ಹಾಗೆ ತೋರುವುದಿಲ್ಲ. ಬಯಲಾಟದಲ್ಲಿ ದೇವಿಯ ಪಾತ್ರಧಾರಿಯು ನಮ್ಮೂರಿನವನೇ ಎಂದು ಬಲ್ಲ ಜನವು ಅವನಿಗೆ ಆರತಿ ಎತ್ತುವುದಿಲ್ಲವೆ? ವೇಷವನ್ನು ವೇಷವೆಂದು ಅರಿತೂ ಮಣಿಯಬಲ್ಲ ಶಕ್ತಿಯು ನಮ್ಮ ಜನಕ್ಕೆ ಹೊಸದಲ್ಲ.

ಪಟದೊಳಗೆ ತಾನೇ ಹೋಗಿ ನಿಲ್ಲುವ ಈ ಹವಣಿಕೆಯು ಚಿತ್ರಶಾಲೆಗೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ಸುಮಾರು ೨೦೦೦ದ ತರುವಾಯ ಕಂಪ್ಯೂಟರಿನಿಂದ ಮುದ್ರಿಸುವ ಫ್ಲೆಕ್ಸ್ ಹಲಗೆಗಳು ತಾಲೂಕು ಊರುಗಳಿಗೂ ಬಂದುವು. ಜಾತ್ರೆ, ಮದುವೆ, ಹುಟ್ಟುಹಬ್ಬಗಳಿಗೆ ದೇವರು, ಗುರುಗಳು, ಮುಖಂಡರು, ಚಿತ್ರನಟರು ಇವರೆಲ್ಲರ ಛಾಯಾಚಿತ್ರಗಳ ನಡುವೆ ಊರಿನ ತರುಣರ ಮುಖಗಳೂ ಸಾಲಾಗಿ ಮೂಡಿದುವು. ದೀನದಯಾಳರ ಸ್ಟುಡಿಯೋದ ಬಾಗಿಲು ಯಾರ ಅಜ್ಜಂದಿರಿಗೆ ದೂರವಾಗಿತ್ತೋ ಅವರ ಮೊಮ್ಮಕ್ಕಳು ಬಸ್ ನಿಲ್ದಾಣದ ಮುಂದೆ ಆಳೆತ್ತರವಾಗಿ ನಿಂತರು. ೨೦೧೬ರಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ಕಿನ ಈ ಹಲಗೆಗಳನ್ನು ನಿಷೇಧಿಸಿತು. ಅವುಗಳ ಅಂದವನ್ನು ನಾನು ಹೊಗಳುತ್ತಿಲ್ಲ. ಊರಿನ ನೋಟವನ್ನು ಅವು ಕೆಡಿಸಿದುದೂ ನಿಜ. ಆದರೆ ಪಟವನ್ನು ನೋಡಿದವನಿಗೆ ಪಟದಲ್ಲಿ ಕಾಣಿಸಿಕೊಳ್ಳುವ ಆಸೆ ಬಂದುದನ್ನು ಚರಿತ್ರಕಾರನು ಮೂಗುಮುರಿದು ಬಿಡಲಾಗದು.

೭

ಹೊಗಳಿಕೆಯಿಷ್ಟೇ ಆದರೆ ಚರಿತ್ರೆಯು ಅರ್ಧವಾದೀತು. ಪೇಟೆಯ ಚಿತ್ರವು ತೋರಿಸುವುದಕ್ಕಿಂತ ಹೆಚ್ಚನ್ನು ಮರೆಸುವುದು. ಕೋಟೆಯ ಗೋಡೆಯ ಮೇಲೆ ಬಂಡೆಯನ್ನೆಳೆದ ಕೋಣಗಳಾದರೂ ಇವೆ. ಮ್ಯಾಂಚೆಸ್ಟರಿನ ಛಾ‍ಪಿನ ಚೀಟಿಯಲ್ಲಿ ಲಕ್ಷ್ಮಿಯಿದ್ದಳು. ಮಾನ್ವಿಯ ಹೊಲದಲ್ಲಿ ಹತ್ತಿ ಬಿಡಿಸಿದ ಹೆಂಗಸು ಇರಲಿಲ್ಲ, ಲ್ಯಾಂಕಾಶೈರಿನ ಗಿರಣಿಯಲ್ಲಿ ನೂಲು ತೆಗೆದವಳೂ ಇರಲಿಲ್ಲ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಎಡದಂಡೆಯ ಕಾಲುವೆಯಿಂದ ಮಾನ್ವಿಯ ಕಡೆ ಬತ್ತದ ಗದ್ದೆಗಳಾದುವು. ಮುಂದೆ ನಾರಾಯಣಪುರದ ಬಲದಂಡೆಯ ಕಾಲುವೆಯು ದೇವದುರ್ಗದ ಕಡೆಗೂ ಕೃಷ್ಣೆಯ ನೀರನ್ನು ತಂದಿತು. ಒಂದು ಕಾಲಕ್ಕೆ ಪರರ ಛಾಪನ್ನು ಮನೆಗೆ ತರುತ್ತಿದ್ದ ನಮ್ಮ ಜಿಲ್ಲೆಯು ಈಗ ತನ್ನ ಅಕ್ಕಿಯ ಚೀಲಗಳ ಮೇಲೆ ತನ್ನ ಛಾಪನ್ನು ಮುದ್ರಿಸಿ ಹೊರನಾಡಿಗೆ ಕಳಿಸುತ್ತಿದೆ. ಆ ಚೀಲಗಳ ಮೇಲೂ ದೇವರುಂಟು, ಹೂವುಂಟು, ಹಕ್ಕಿಯುಂಟು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ನೆಟ್ಟವಳ ಮುಖವು ಅಲ್ಲಿಯೂ ಅಪರೂಪವೇ. ಈ ಮರೆವನ್ನು ನಮಗೆ ಎತ್ತಿ ತೋರಿಸುವ ಕೆಲಸವೇ ಸರಕಿನ ಚಿತ್ರವನ್ನು ವಸ್ತುವಾಗಿ ಹಿಡಿದ ಕಲೆಯಿಂದ ಆಗಬೇಕಾದುದು. ಬರಿಯ ಬಣ್ಣದ ಬೆಡಗಿನಲ್ಲಿಯೇ ಅದು ತೃಪ್ತವಾದರೆ, ಅದೂ ಇನ್ನೊಂದು ಜಾಹೀರಾತೇ ಸರಿ.

ಆದರೆ ಹೀಗೆ ಪ್ರಶ್ನಿಸುವುದಕ್ಕಾದರೂ ಚಿತ್ರಗಳು ಕೈಯಲ್ಲಿರಬೇಕಷ್ಟೆ. ಶಾಸನದ ಕಲ್ಲನ್ನು ಸರ್ಕಾರವು ಕಾಯುವುದು. ಛಾಪಿನ ಚೀಟಿಯನ್ನು ಕಾಯುವವರಾರು? ಹಳೆಯ ಮನೆಯನ್ನು ಕೆಡಹುವಾಗ ಮೊದಲು ಬೀದಿಗೆ ಬೀಳುವುದು ಗಾಜೊಡೆದ ಪಟಗಳೇ. ಒಡೆದ ದೇವರನ್ನು ಮನೆಯಲ್ಲಿಡಬಾರದೆಂದು ಕೆಲವರು ಹೊಳೆಗೆ ಬಿಡುವರು, ಕೆಲವರು ಅರಳಿಯ ಕಟ್ಟೆಗೆ ಒರಗಿಸಿ ಬರುವರು. ಆಚಾರವು ಆಚಾರವೇ, ಅದನ್ನು ಬಿಡಿರೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಬಿಡುವ ಮೊದಲು ಒಂದು ಗಳಿಗೆ ಅದರ ಬೆನ್ನನ್ನು ನೋಡಬಾರದೆ? ಮುದ್ರಣಾಲಯದ ಹೆಸರೊಂದು, ಅಂಗಡಿಯ ಮುದ್ರೆಯೊಂದು, ಅಜ್ಜಿಯು ಕೊಂಡ ವರ್ಷವೊಂದು ಅಲ್ಲಿದ್ದೀತು. ಅದರ ಛಾಯಾಚಿತ್ರವನ್ನು ತೆಗೆದಿಡಲು ಈಗ ಸ್ಟುಡಿಯೋ ಬೇಕಿಲ್ಲ. ಮನೆಯ ಹುಡುಗರ ಜೇಬಿನಲ್ಲಿ ಕ್ಯಾಮರಾ ಇದೆ.

ರಾಯಚೂರು, ಮಾನ್ವಿ, ದೇವದುರ್ಗಗಳ ವಾಚಕರಲ್ಲಿ ನನ್ನ ಬಿನ್ನಹವಿಷ್ಟೇ. ತಮ್ಮ ಮನೆಯ ಗೋಡೆ, ಅಟ್ಟ, ಟ್ರಂಕುಗಳಲ್ಲಿ ಉಳಿದ ಹಳೆಯ ಕ್ಯಾಲೆಂಡರು, ಛಾಪಿನ ಚೀಟಿ, ತಗಡಿನ ಡಬ್ಬಿ, ಜರಿ ಹೊಲಿದ ಪಟಗಳನ್ನು ಗುರುತಿಸಿರಿ. ಯಾವ ಅಂಗಡಿಯಿಂದ ಬಂದಿತು, ಯಾವ ವರ್ಷ, ಮನೆಯಲ್ಲಿ ಅದನ್ನು ಎಲ್ಲಿ ತೂಗುಹಾಕಿದ್ದರು, ಯಾರು ಶೃಂಗರಿಸಿದರು ಎಂಬುದನ್ನು ಹಿರಿಯರನ್ನು ಕೇಳಿ ಸೀಸದ ಕಡ್ಡಿಯಿಂದ ಬೇರೊಂದು ಚೀಟಿಯಲ್ಲಿ ಬರೆದಿಡಿರಿ. ಪಟದ ಮೇಲೆ ಅಂಟು ಹಚ್ಚಬೇಡಿರಿ. ಹತ್ತು ಮನೆಗಳ ಇಂಥ ಬರಹಗಳು ಕೂಡಿದರೆ, ನಮ್ಮ ಹಿಂದಿನವರು ಏನನ್ನು ಬಯಸಿದರು, ಏನನ್ನು ಕೊಂಡರು, ಕೊಂಡುದನ್ನು ಹೇಗೆ ತಮ್ಮದನ್ನಾಗಿ ಮಾಡಿಕೊಂಡರು ಎಂಬುದು ತಿಳಿದೀತು. ಅರಸರ ದಾನವನ್ನು ಹೇಳುವ ಶಾಸನಗಳು ನಮಗೆ ಬೇಕಾದಷ್ಟಿವೆ. ಮನೆಯವರ ಬಯಕೆಯನ್ನು ಹೇಳುವ ಶಾಸನಗಳು ಈ ಕಾಗದಗಳೇ.